ಬೆಳ್ಳಿ ಡಾಲರಿನ ಮ್ಯಾಲ ಒಂದು ಗೆರಿ

ಕಂಪನಿಯವರು ನನ್ನ ಆರು ತಿಂಗಳಿಗೆ ಅಮೆರಿಕಾಕ್ಕ ಕಳಿಸಿದಾಗ ನಮ್ಮವ್ವ ಹೇಳಿದ್ದು ಒಂದ ಮಾತು. "ಚಾಕಲೇಟು, ಸೆಂಟು ಏನೂ ತರಬ್ಯಾಡ. ಬೆಳ್ಳಿ ಸಿಕ್ಕರ ತಾ. ಕರಗಿಸಿ ಕುಂಕುಮದ ಬಟ್ಟಲು ಮಾಡಸೂಣು." ಅಲ್ಲಿ ಒಂದು ರವಿವಾರ ಹಳೇ ಸಾಮಾನಿನ ಸಂತ್ಯಾಗ ಒಬ್ಬ ಮುದುಕಿ ತಗಡಿನ ಡಬ್ಬಿಯೊಳಗ ಏಳು ಬೆಳ್ಳಿ ಡಾಲರ್ ಇಟಗೊಂಡು ಕುಂತಿದ್ಲು. ನೂರು ವರ್ಷದ ಮ್ಯಾಲಿನವು. ಒಂದು ಕಡೆ ಹೆಣ್ಣಿನ ಮುಖ, ಇನ್ನೊಂದು ಕಡೆ ರೆಕ್ಕಿ ಬಿಚ್ಚಿದ ಹದ್ದು. ತಗೊಂಡೆ. ತಗೊಂಡ ಮರುಗಳಿಗೆಯಿಂದ ಸಂಶಯ ಶುರು ಆತು. ಇವು ಖರೇನ ಬೆಳ್ಳಿ ಹೌದೋ ಅಲ್ಲೋ? ಮುದುಕಿ ಅಷ್ಟ್ಯಾಕ ನಕ್ಕೋತ ಕೊಟ್ಲು? ವಿಮಾನದಾಗ ಊರು ಮುಟ್ಟೋತನಾ ಅದನ್ನ ವಿಚಾರ ಮಾಡಕೋತ ಬಂದೆ.

ಸಂಶಯ ನಮ್ಮ ಮನಿತನದ್ದು. ನಮ್ಮಜ್ಜ ನಿಜಾಮನ ಕಾಲದಾಗ ಗುಲಬರ್ಗಾ ಕಡೆಯಿಂದ ಹೈದರಾಬಾದಿಗೆ ಸರಕಾರಿ ನೌಕರಿಗೆ ಬಂದವರು. ಕಾಚಿಗೂಡದ ಮನಿ ಅವರು ಕಟ್ಟಿಸಿದ್ದು. ಅಪ್ಪ ತೀರಿಕೊಂಡ ಮ್ಯಾಲ ಅಲ್ಲಿ ಅವ್ವ ಮತ್ತ ನಾನು ಇಬ್ಬರ. ಅವ್ವ ಹೊಸ್ತಿಲ ದಾಟೋ ಪ್ರತಿಯೊಂದು ಸಾಮಾನಿಗೂ ಗುರುತು ಹಾಕತಿದ್ಲು. ಸ್ಟೀಲಿನ ಭಾಂಡೆಕ್ಕ ಹೆಸರು ಕೊರಸೂದು ಎಲ್ಲಾರ ಮನ್ಯಾಗೂ ಇದ್ದದ್ದ ಬಿಡ್ರಿ. ಇಕಿ ಅಷ್ಟಕ್ಕ ನಿಲ್ಲಾಕಿ ಅಲ್ಲ. ಛತ್ರಿ ಹಿಡಿಕಿಗೆ, ಬಾಜೂ ಮನಿಗೆ ಪಲ್ಯ ಕೊಟ್ಟ ಡಬ್ಬಿಗೆ, ಕಡೀಕ ಅಕ್ಕಸಾಲಿಗನ ಕಡೆ ಪಾಲಿಶಿಗೆ ಕೊಡೋ ಕಾಲುಂಗುರಕ್ಕ ಸೈತ ಒಳಮೈಗೆ ದಬ್ಬಳದಿಂದ ಒಂದು ಗೀಟು ಎಳದ ಕೊಡಾಕಿ. ಗೋಣಿಚೀಲ ಹೊಲಿಯೋ ದಪ್ಪ ಸೂಜಿ ಅದು, ಅಡಗಿಮನಿ ಮೊಳಿಗೆ ಕಾಯಂ ತೂಗತಿತ್ತು. "ಬದಲು ಮಾಡಿ ಕೊಟ್ರ ಗೊತ್ತಾಗಬೇಕಲಾ?" ಅಂತಿದ್ಲು. "ಬೆಳ್ಳಗಿರೂದೆಲ್ಲಾ ಹಾಲಲ್ಲ, ತಿಳಕೋ."

ನನ್ನ ನೌಕರಿನೂ ಅಂಥಾದ್ದ. ಮಾಧಾಪುರದ ಕಡೆ ಬಂಡಿಗಲ್ಲು ಒಡದು ಒಡದು ಗಾಜಿನ ಕಟ್ಟಡ ಎಬ್ಬಸಾಕತ್ತಿದ್ದ ಕಾಲ ಅದು. ಬ್ಯಾರೆಯವರು ಬರದ ಪ್ರೋಗ್ರಾಮಿನ್ಯಾಗ ತಪ್ಪು ಹುಡುಕೂದು ನನ್ನ ಕೆಲಸ. "ತಪ್ಪು ಇದ್ದ ಐತಿ ಅಂತ ನಂಬಿ ಶುರು ಮಾಡ್ರಿ, ಆಗ ಸಿಗತೈತಿ" ಅಂತ ನಮಗ ತರಬೇತಿ ಕೊಟ್ಟಿದ್ರು. ಅವ್ವನ ಕೈಯಾಗ ಬೆಳದಾಕಿಗೆ ಇದನ್ನ ಕಲಿಸಬೇಕಿತ್ತೇನು? ಮನ್ಯಾಗ ಪುಕ್ಕಟೆ ಮಾಡೂದಕ್ಕ ಆಫೀಸಿನ್ಯಾಗ ಪಗಾರ ಕೊಡತಿದ್ರು, ಅಷ್ಟ ಫರಕು.

ಅಕ್ಕಸಾಲಿಗ ಡಾಲರ್ ಉಜ್ಜಿ ನೋಡಿ, "ಇದರಾಗ ತಾಮ್ರ ಕೂಡೇತಿ" ಅಂದ. ಅವನ ಮ್ಯಾಲ ನಂಬಿಕಿ ಇಲ್ಲದ್ದಕ್ಕ ನಾ ಅಬಿಡ್ಸಿನ ರವಿವಾರದ ಫುಟ್‌ಪಾತಿಗೆ ಹೋದೆ. ಹಳೇ ಪುಸ್ತಕದ ಸಾಲಿನ ಕೊನೀಗೆ ನಾಣ್ಯ ಹರವಿಕೊಂಡು ಕುಂಡ್ರೋವ ಒಬ್ಬ ಇದ್ದ. ಅವ ಏಳನ್ನೂ ಅಂಗೈಯಾಗ ಕುಲುಕಿ, "ಗಲಾನೇ ಕಾ ಮಾಲ್ ಹೈ, ಬೇಟಾ" ಅಂದ. ಕರಗಸೋ ಮಾಲಂತ. ಕೊಡಬೇಕೋ ಬ್ಯಾಡೋ ಅಂತ ನಾ ಮೊಬೈಲಿನ್ಯಾಗ ಅವ್ವನ ಜೋಡಿ ಮಾತಾಡಾಕತ್ತಿದ್ದೆ. ಬೆನ್ನ ಹಿಂದಿಂದ ಯಾರೋ ಮೆಲ್ಲಕ ಕನ್ನಡದಾಗ ಅಂದ್ರು, "ಕೊಡಬ್ಯಾಡ್ರಿ."

ತಿರುಗಿ ನೋಡಿದ್ರ ಎಪ್ಪತ್ತರ ಆಜೂಬಾಜೂ ಒಬ್ಬರು, ಬಿಳೇ ಅಂಗಿ, ಕಿಸೆದಾಗ ಸಣ್ಣದೊಂದು ಭೂತಗನ್ನಡಿ. "ನಾಲ್ಕು ಸಾಧಾರಣ ಅದಾವ. ಎರಡು ಛಲೋ ಅದಾವ. ಒಂದು ನಾ ಕೂತು ನೋಡಬೇಕು" ಅಂದು ಮನಿ ವಿಳಾಸ ಬರದು ಕೊಟ್ರು. ಅಂಗಡಿಯವ ಕುಲುಕೋ ಅಷ್ಟು ಹೊತ್ತಿನ್ಯಾಗ ಇವರು ಏಳನ್ನೂ ನೋಡಿಬಿಟ್ರೇನು? ಗುರುತಿಲ್ಲ, ಪರಿಚಯ ಇಲ್ಲ, ಪುಕ್ಕಟೆ ಸಲಹಾ ಯಾರ ಕೊಡತಾರ ಈ ಊರಾಗ? ಇಬ್ಬರೂ ಒಂದ ಕೈ ಇರಬೇಕು ಅಂದುಕೊಂಡೆ. ಆದ್ರೂ ಮುಂದಿನ ರವಿವಾರ ತಾರ್ನಾಕದ ಅವರ ಮನಿಗೆ ಹೋದೆ. ಮೋಸ ಎಲ್ಲೈತಿ ಅಂತ ಹಿಡೀಬೇಕಿತ್ತು ನನಗ.

ಅವರು ಬೀದರ ಕಡೆಯವರು. ಗುಂಡಿ, ಬಿಲ್ಲಿ, ಡಬ್ಬಿ ಮುಚ್ಚಳ ಒತ್ತೋ ಒಂದು ಕಾರಖಾನ್ಯಾಗ ಮೂವತ್ತು ವರ್ಷ ಉಕ್ಕಿನ ಅಚ್ಚು ಕೊರದು ನಿವೃತ್ತಿ ಆದವರು. ಅಚ್ಚು ಅಂದ್ರ ಉಲ್ಟಾ ಚಿತ್ರ ಕೆತ್ತಿದ ಉಕ್ಕಿನ ತುಂಡು, ಅದರಿಂದ ಹೊಡದ್ರ ಲೋಹದ ಮ್ಯಾಲ ಸೀದಾ ಚಿತ್ರ ಮೂಡತೈತಿ. ಮಹಡಿ ಮ್ಯಾಲಿನ ಎರಡು ಖೋಲಿಯ ಪೋರ್ಶನ್‌ನ್ಯಾಗ ಗಂಡ ಹೆಂಡತಿ ಇಬ್ಬರ ಇರತಿದ್ರು. ಎರಡನೇ ರವಿವಾರಕ್ಕ ಅವರು ನನಗ ಕಾಕಾ, ಅವರ ಹೆಂಡತಿ ಕಾಕು ಆದ್ರು. ನಾ ಅವರಿಗೆ ತಂಗಿ.

ಕಾಕಾ ಮೊದಲಿಗೆ ಕಲಿಸಿದ್ದು ಹಿಡಿಯೂದು. "ಮುಖ ಮುಟ್ಟಬ್ಯಾಡ, ತಂಗಿ. ಅಂಚಿಗೆ ಎರಡು ಬಟ್ಟು, ಅಷ್ಟ." ಎರಡನೇದು ಗೆರಿ ಓದೂದು. ದೀಪದ ಕೆಳಗ ನಾಣ್ಯ ತಿರುಗಿಸಿ ತಿರುಗಿಸಿ ತೋರಿಸಿದ್ರು. "ಉಬ್ಬಿದ ಗೆರಿ ಹುಟ್ಟಿನದು. ಅಚ್ಚು ಸೀಳಿತ್ತು ಅಂದ್ರ ಆ ಸೀಳಿನೊಳಗ ಬೆಳ್ಳಿ ಹೊಕ್ಕು ನಾಣ್ಯದ ಮ್ಯಾಲ ಉಬ್ಬತೈತಿ. ತಗ್ಗಿದ ಗೆರಿ ಆಮ್ಯಾಲಿನದು. ಮಂದಿ ಮಾಡಿದ ಗಾಯ." ಅಚ್ಚಿಗೊಂದು ಗುಣ ಇರತಿತ್ತಂತ. ಯಾವ ಟಂಕಸಾಲ್ಯಾಗ ಒತ್ತಿದ ನಾಣ್ಯ ಅಂತ ತೋರಿಸೋ ಅಕ್ಷರಾನ ಅಚ್ಚಿಗೆ ಕೈಯಿಂದ ಹೊಡೀತಿದ್ದದ್ದಕ್ಕ ಒಂದರಾಗ ಎಡಕ್ಕ ವಾಲಿರತಿತ್ತು, ಒಂದರಾಗ ಮ್ಯಾಲ ಏರಿರತಿತ್ತು. ನಾನು ಆಫೀಸಿನ ಪ್ರಿಂಟರಿನ್ಯಾಗ ಕದ್ದು ಕದ್ದು ಇಂಟರ್ನೆಟ್ಟಿನ ಹಾಳಿ ತೆಗದು ಒಯ್ಯತಿದ್ದೆ. ಅವರು ಅದನ್ನ ನಮ್ಮ ನಾಣ್ಯದ ಜೋಡಿ ಹೊಂದಿಸಿ ನೋಡತಿದ್ರು.

ಹೊಸದಾಗಿ ಕಲಿಯಾಕಿಗೆ ಎಲ್ಲಾ ಕಡೆನೂ ಅಪರೂಪದ್ದ ಕಾಣತೈತಿ. "ಕಾಕಾ, ಇಸವಿಯೊಳಗಿನ ಈ ಒಂಬತ್ತು ಎರಡೆರಡು ಮೂಡೇತಿ!" ಅಂತ ನಾ ಕುಣದಾಡಿದ್ರ, ಅವರು ಕನ್ನಡಕ ಏರಿಸಿ, "ಅದು ಹೊಡೆತಕ್ಕ ಅಚ್ಚು ಅಲಗಾಡಿದ್ದು. ಚಪ್ಪಟಿ ಮೆಟ್ಟಲ ಆಗೇತಿ ನೋಡು. ಕಾಮಾಲಿ ಕಣ್ಣಿಗೆ ಕಾಣೂದೆಲ್ಲಾ ಹಳದಿ" ಅಂತ ನಗತಿದ್ರು. ನಾ ಮುಖ ಸಣ್ಣದು ಮಾಡಿಕೊಂಡ್ರ ಕಾಕು ಚಹಾ ತರತಿದ್ಲು, ಜೋಡಿಗೆ ಉಸ್ಮಾನಿಯಾ ಬಿಸ್ಕೀಟು.

ಅಷ್ಟು ಪ್ರೀತಿ ಮಾಡತಿದ್ರೂ ನಾ ಅವರ ಕೈ ಮ್ಯಾಲಿಂದ ಕಣ್ಣು ತೆಗೀತಿರಲಿಲ್ಲ, ಸುಳ್ಳ್ಯಾಕ ಹೇಳಲಿ. ಕಿಡಕಿ ಕಡೆ ಹೋದ್ರ ನಾನೂ ಏಳತಿದ್ದೆ. ಮನಿಗೆ ಹೋಗೋವಾಗ ಬಸ್‌ಸ್ಟಾಪಿನ್ಯಾಗ ನಿಂತು ಚೀಲದಾಗ ಏಳೂ ಅದಾವೇನಂತ ಮುಟ್ಟಿ ನೋಡತಿದ್ದೆ. ಏನು ಕಡಿಮಿ ಆಗಿತ್ತು? ಏನೂ ಇಲ್ಲ. ಅದ ನನ್ನ ಸಂಶಯ ಇನ್ನಷ್ಟು ಹೆಚ್ಚು ಮಾಡತಿತ್ತು. "ಏನೂ ಕೇಳದವರು ಏನೋ ದೊಡ್ಡದನ್ನ ಕೇಳಾಕ ಕಾಯತಿರತಾರ" ಅಂತ ಅವ್ವ ಬ್ಯಾರೆ ಒಗ್ಗರಣಿ ಹಾಕತಿದ್ಲು.

ಮೂರು ತಿಂಗಳಿಗೆ ಕೇಳೇಬಿಟ್ರು.

ಏಳರಾಗ ಒಂದು ಡಾಲರ್ ಸಾವಿರದ ಎಂಟುನೂರಾ ಎಪ್ಪತ್ತೆಂಟರದು. ಆ ವರ್ಷ ಮೊದಲು ಹದ್ದಿನ ಬಾಲಕ್ಕ ಎಂಟು ಗರಿ ಮಾಡಿದ್ರಂತ. ಆಮ್ಯಾಲ ಏಳ ಇರಲಿ ಅಂತ ಆತು. ಕೆಲವೊಂದು ಹಳೇ ಅಚ್ಚಿನ ಮ್ಯಾಲ ಹೊಸಾ ಏಳು ಗರಿ ಒತ್ತಿದ್ರು, ಆದ್ರ ಹಳೇ ಎಂಟರ ತುದಿ ಪೂರ್ತಿ ಅಳೀಲಿಲ್ಲ. ಏಳು ಗರಿಯ ಕೆಳಗ ಸಣ್ಣ ಸಣ್ಣ ಮೊನಿ ಇಣುಕತಾವ. ಎಷ್ಟು ಮೊನಿ ಅನ್ನೂದರ ಮ್ಯಾಲ ಅದು ಯಾವ ಅಚ್ಚು ಅಂತ ಗೊತ್ತಾಗತೈತಿ. ಕಾಕಾನ ಹಂತ್ಯಾಕ ಇದ್ದ ಒಂದ ಒಂದು ಅಮೆರಿಕನ್ ಡಾಲರೂ ಅಂಥಾದ್ದ. ಅದರಾಗ ಮೂರು ಮೊನಿ. ನಂದರಾಗ ಐದು. ಅವತ್ತು ಅವರು ಭೂತಗನ್ನಡಿ ಕಣ್ಣಿಗೆ ಸಿಗಿಸಿಕೊಂಡು ಎಷ್ಟೋ ಹೊತ್ತು ಉಸಿರು ಬಿಡಲಾರದ ನೋಡಿದ್ರು. ಆಮ್ಯಾಲ ಅಂದ್ರು, "ತಂಗಿ, ಇದನ್ನ ಒಂದು ವಾರ ನನ್ನ ಕಡೆ ಬಿಡತಿಯೇನು? ಅಳತಿ ತಗೊಂಡು ದೊಡ್ಡದಾಗಿ ಚಿತ್ರ ತೆಗೀತೀನಿ."

"ಮುಂದಿನ ವಾರ ತರತೀನಿ, ಕಾಕಾ. ಅವ್ವಗ ತೋರಿಸಬೇಕು" ಅಂತ ಸುಳ್ಳು ಹೇಳಿ ಓಡಿಬಂದೆ.

ಅವ್ವ ಕೇಳಿದಾಕಿನ ಚಪ್ಪಾಳಿ ಹೊಡದ್ಲು. "ಬಂತಲಾ ಬಾಯಿಗೆ! ಮೂರು ಮೊನಿದು ನಿನಗ ಕೊಟ್ಟು ಐದು ಮೊನಿದು ಇಟಗೊಂಡ್ರ ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ. ನಾ ಕಲತೀನಿ."

"ನಿನಗ ಕಲಿಸಿದವ ಯಾರು?" ಅಂದ್ಲು ಅವ್ವ.

ಆ ಮಾತು ನನ್ನ ತಲ್ಯಾಗ ಹೊಕ್ಕು ಕುಂತಿತು. ಖರೇನ, ಅವರು ಕಲಿಸಿದಷ್ಟ ನನಗ ಗೊತ್ತು. ಐದು ಮೊನಿದು ಇನ್ನೊಂದು, ಸವದು ಸಪ್ಪಗಾದದ್ದು, ಎಲ್ಲಿಂದರ ತಂದು ಕೊಟ್ರ? ನನ್ನ ಕಣ್ಣು ಇನ್ನೂ ಹಸೀ. ಅವ್ವ ಮೊಳಿಯಿಂದ ದಬ್ಬಳ ತೆಗದು ನನ್ನ ಮುಂದ ಇಟ್ಲು. ಮೆಂತ್ಯಸೊಪ್ಪು ಸೋಸಾಕ ಹೋದ್ಲು.

ನಾ ಕಲಿಯಾಕಂತ ಕೊಂಡಿದ್ದ ಭೂತಗನ್ನಡಿ ಹಿಡದೆ. ಕಾಕಾ ಕಲಿಸಿದಂಗ ಅಂಚಿಗೆ ಎರಡು ಬಟ್ಟು ಇಟ್ಟೆ, ಮುಖ ಮುಟ್ಟಲಿಲ್ಲ. ಅಂಚಿನ ಮ್ಯಾಲ ಹಲ್ಲು ಇರತಾವ, ಅಲ್ಲಿ ಗುರುತು ಕಾಣೂದಿಲ್ಲ. ಹದ್ದಿನ ಕೆಳಗ ಎಲಿಮಾಲಿ ಕಟ್ಟಿದ ಗಂಟೈತಿ, ಅದರ ಮಗ್ಗಲಕ ಬಯಲು ಜಾಗದಾಗ ಎಳ್ಳಿನಷ್ಟು ಉದ್ದ ಗೀರೂಣು ಅಂತ ದಬ್ಬಳದ ಮೊನಿ ಊರಿದೆ. ಬೆಳ್ಳಿ ನಾ ತಿಳಕೊಂಡಿದ್ದಕ್ಕಿಂತ ಮೆತ್ತಗ ಇತ್ತು. ಸರ್ ಅಂತ ಜಾರಿ ಎರಡು ಎಳ್ಳಿನಷ್ಟು ಆತು. ಅವತ್ತು ನನಗ ಪಶ್ಚಾತ್ತಾಪ ಏನೂ ಆಗಲಿಲ್ಲ, ಭಾಳ ಶಾಣ್ಯಾಕಿ ಅನಿಸಿತು ನಾನು.

ರವಿವಾರ ಹೋಗಿ ಕಾಗದದಾಗ ಸುತ್ತಿದ ಡಾಲರ್ ಕೊಟ್ಟೆ. "ನೋಡಿ ಇಟಗೋರಿ, ಕಾಕಾ" ಅಂದೆ. ಅವರ ಮುಖ ಓದಬೇಕಿತ್ತಲಾ. "ನೋಡೂದೇನು, ಹೋದ ವಾರ ನೋಡಿಲ್ಲೇನು?" ಅಂತ ಅವರು ಕಾಗದ ಬಿಚ್ಚಲಾರದ ಡಬ್ಬಿಯೊಳಗ ಇಟ್ರು. ಇಷ್ಟು ಬೇಫಿಕರಾಗಿ ಇಟಗೊಂಡವರು ಏನೋ ಮಾಡತಾರ ಅಂತ ಬಸ್ಸಿನ ತುಂಬಾ ನನಗ ಅದ ಗುಂಗು.

ಮುಂದಿನ ರವಿವಾರ ಬಾಗಲ ತೆಗದಾಕಿ ಕಾಕು. ನಗಲಿಲ್ಲ. ಒಳಗ ಕಾಕಾ ಮೇಜಿನ ಮುಂದ ಕೈ ಕಟ್ಟಿಕೊಂಡು ಕುಂತಿದ್ರು. ಮುಂದ ಅರ್ಧ ತೆಗದ ಚಿತ್ರ, ಅಳತಿ ತಗೊಳ್ಳೋ ಹಿತ್ತಾಳಿ ಕೈವಾರ, ಮಗ್ಗಲಕ ನನ್ನ ಡಾಲರ್.

"ತಂಗಿ, ತಪ್ಪಾತು" ಅಂದ್ರು.

ಸಿಕ್ಕರು ಅಂದುಕೊಂಡೆ. ದೇವರಾಣೆ, ನನ್ನ ಮನಸ್ಸಿಗೆ ಬಂದ ಮೊದಲನೇ ಮಾತು ಅದ.

"ಕೈವಾರದ ಮೊನಿ ತಾಗೇತಿ. ಯಾವಾಗ ತಾಗಿತೋ ನನಗ ತಿಳೀಲಿಲ್ಲ. ಗುರುವಾರ ನೋಡತೀನಿ, ಗಂಟಿನ ಮಗ್ಗಲಕ ಹಸೀ ಗೆರಿ. ತಗ್ಗಿನ ಗೆರಿ. ಹೋದ ಸಲ ನಾನೂ ನೀನೂ ನೋಡಿದಾಗ ಇರಲಿಲ್ಲ. ಮೂವತ್ತು ವರ್ಷ ಅಚ್ಚು ಕೊರದೆ, ತಂಗಿ, ಒಂದಕ್ಕ ಒಂದು ಗೀರು ಬಿದ್ದಿರಲಿಲ್ಲ. ಕೈ ಹೋತು ನನ್ನದು."

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನಗ ಅಷ್ಟೂ ಮಾಡಾಕ ಬರಲಿಲ್ಲ. ನಡುವ ಒಂದು ವಾರ ಆ ಡಾಲರ್ ನಮ್ಮ ಮನ್ಯಾಗ ಇತ್ತು. ಅಲ್ಲಿ ಏನರ ಆಗಿರಬಹುದು ಅಂತ ಅವರ ತಲಿಗೆ ಹೊಳದ ಇಲ್ಲ. ನನ್ನ ತಲಿ ಆಗಿದ್ರ ಮೊದಲ ಅದ ಹೊಳೀತಿತ್ತು.

ಅವರು ತಮ್ಮ ಡಾಲರ್, ಮೂರು ಮೊನಿದು, ಕಾಗದದಾಗ ಸುತ್ತಿ ನನ್ನ ಕೈಯಾಗ ಇಟ್ರು. "ನಿನ್ನದರಷ್ಟು ಅಪರೂಪ ಅಲ್ಲ. ಆದ್ರ ಸ್ವಚ್ಛ ಐತಿ. ಬ್ಯಾಡ ಅನಬ್ಯಾಡ, ಇಲ್ಲಂದ್ರ ನನಗ ನಿದ್ದಿ ಹತ್ತಂಗಿಲ್ಲ." ನಾ ಬ್ಯಾಡ ಅನ್ನಲಿಲ್ಲ. ಎರಡೂ ತಗೊಂಡು ಮೆಟ್ಟಲ ಇಳದು ಬಂದೆ. ಕಾಕು ಅವತ್ತು ಚಹಾ ಕೊಟ್ಟಿದ್ಲು, ಕುಡದೆ ಸೈತ.

ಇದಕ್ಕಿಂತ ಅಸಹ್ಯದ್ದು ಮುಂದೈತಿ. ಮನಿಗೆ ಬಂದು ಹೇಳಿದ್ರ ಅವ್ವ ಅಂದ್ಲು, "ಇಷ್ಟು ಸಸಾರ ಕೊಟ್ಟಾರ ಅಂದ್ರ ಇದರಾಗೂ ಏನೋ ಇರಬೇಕು." ನಾ ಅದನ್ನೂ ನಂಬಿದೆ! ಕಾಕಾನ ಡಾಲರ್ ಆಫೀಸಿಗೆ ಒಯ್ದು ಮೂರು ದಿನ ಊಟದ ಹೊತ್ತಿನ್ಯಾಗ ಭೂತಗನ್ನಡಿ ಹಿಡದು ಕುಂತೆ. ಎರಕ ಹೊಯ್ದ ಖೋಟಾ ಇರಬೇಕು ಅಂತ ಗುಳ್ಳಿ ಹುಡುಕಿದೆ. ಇಲ್ಲ. ಉಜ್ಜಿ ತೊಳದಿರಬೇಕು ಅಂತ ಸಣ್ಣ ಗೆರಿ ಹುಡುಕಿದೆ. ಇಲ್ಲ. ಮೂರು ಮೊನಿ, ಹದ್ದಿನ ಎದಿ ಮ್ಯಾಲ ಒಂದೊಂದು ಪುಕ್ಕ ಎಣಿಸೋ ಹಂಗ ಕಾಣತಿತ್ತು. ಎಷ್ಟು ವರ್ಷ ಜೋಪಾನ ಮಾಡಿದ್ರೋ ಏನೋ. ಮೂರನೇ ದಿನ ಚಪಾತಿ ಡಬ್ಬಿ ಹಂಗ ಮುಚ್ಚಿ ಇಟ್ಟೆ. ನನ್ನ ಬಗ್ಗೆ ನನಗ ಹೇಸಿಗಿ ಬಂತು.

ಆದ್ರೂ ಹೋಗಿ ಹೇಳಾಕ ಧೈರ್ಯ ಬರಲಿಲ್ಲ. ಎರಡು ರವಿವಾರ ತಪ್ಪಿಸಿದೆ. ಎರಡನೇ ರವಿವಾರ ಮಧ್ಯಾಹ್ನ ಮನಿ ಫೋನ್ ಬಡಕೊಂತು. ಕಾಕು.

"ಯಾಕ ಬಂದಿಲ್ಲ, ಯವ್ವಾ? ಸಿಟ್ಟು ಬಂದೈತೇನು?" ಅಂದ್ಲು. ಆಮ್ಯಾಲ ದನಿ ಸಣ್ಣದು ಮಾಡಿದ್ಲು. "ಅವರು ಭೂತಗನ್ನಡಿ ಅಟ್ಟದ ಮ್ಯಾಲ ಒಗದಾರ. ದಿನಾ ಮುಂಜಾನೆ ಕಂಠಮಟ ನೀರು ತುಂಬಿದ ಗ್ಲಾಸ್ ಹಿಡಕೊಂಡು ಕಿಡಕಿ ಮುಂದ ನಿಲ್ಲತಾರ, ತುಳುಕತೈತೇನೋ ಅಂತ. ತುಳುಕಂಗಿಲ್ಲ. ಆದ್ರೂ ನಂಬವಲ್ಲರು. ಮಾತ ಬಿಟ್ಟಾರ. ನೀನರ ಬಂದು ಒಂದು ಮಾತು ಹೇಳು, ವಯಸ್ಸಾದ ಮ್ಯಾಲ ಎಲ್ಲಾರ ಕೈನೂ ಹಿಂಗ ಆಗತಾವ ಅಂತ. ನಿನ್ನ ಮಾತು ಕೇಳತಾರ."

ಫೋನ್ ಇಟ್ಟು ಅವ್ವನ ಮ್ಯಾಲ ಹರಿಹಾಯ್ದೆ. "ನಿನ್ನ ದಬ್ಬಳ ಒಗದು ಬಿಡು ಮೊದಲ! ಎಲ್ಲಾ ನಿನ್ನಿಂದ!"

ಅವ್ವ ಹಪ್ಪಳದ ಹಿಟ್ಟು ನಾದೂದು ನಿಲ್ಲಿಸಲಿಲ್ಲ. "ಕೊಟ್ಟದ್ದು ನಾನು. ಗೀರಿದ್ದು ನನ್ನ ಕೈ ಅಲ್ಲ" ಅಂದ್ಲು. ಹಿಟ್ಟು ಹೊಳ್ಳಿಸಿ ಹಾಕಿ, "ಹೇಳಬ್ಯಾಡ. ಹೇಳಿದ್ರ ಮತ್ತ ಆ ಮನ್ಯಾಗ ನಿನಗ ಮುಖ ಉಳೀತೈತೇನು?" ಅಂದ್ಲು.

ಉಳಿಯಂಗಿಲ್ಲ ಅಂತ ನನಗೂ ಗೊತ್ತಿತ್ತು. ಚಪ್ಪಲಿ ಮೆಟ್ಟಿ ಹೊಂಟೆ. ತಾರ್ನಾಕದ ಬಸ್ಸಿನ್ಯಾಗ ನಾಲ್ಕು ಥರಾ ಮಾತು ಜೋಡಿಸಿಕೊಂಡೆ. ಅವ್ವ ಮಾಡಿದ್ಲು ಅಂತ ಒಂದು, ಕೈತಪ್ಪಿ ಆತು ಅಂತ ಇನ್ನೊಂದು. ಮೆಟ್ಟಲ ಹತ್ತೂದ್ರಾಗ ಒಂದೂ ನೆನಪಿಗೆ ಬರಲಿಲ್ಲ.

ಕಾಕಾ ಕಿಡಕಿ ಹತ್ತಿರ ಕುಂತಿದ್ರು. ಮೇಜಿನ ಮ್ಯಾಲ ಏನೂ ಇರಲಿಲ್ಲ, ಬಟ್ಟಿ ಹಾಸಿದ್ರು. ನಾ ನಿಂತಕೊಂಡ ಹೇಳಿದೆ. "ಕಾಕಾ, ಆ ಗೆರಿ ನಿಮ್ಮದಲ್ಲ. ನಂದು. ನೀವು ಬದಲು ಮಾಡತೀರಿ ಅಂತ ಸಂಶಯ ಬಂದು ನಾನ ಗುರುತು ಹಾಕಿದ್ದೆ."

ಅವರಿಗೆ ಒಮ್ಮಿಗೇ ತಿಳೀಲಿಲ್ಲ. "ಯಾತರಿಂದ?" ಅಂತ ಕೇಳಿದ್ರು.

"ದಬ್ಬಳದಿಂದ."

"ನಮ್ಮ ಮನಿಗೆ ತರೂದಕ್ಕಿಂತ ಮೊದಲ?"

"ಹೌದ್ರಿ."

ಅವರು ತಮ್ಮ ಬಲಗೈ ಮುಂದ ಚಾಚಿದ್ರು, ಬೆರಳು ಅಗಲ ಮಾಡಿ ನೋಡಿಕೊಂಡ್ರು. ಹೊಳ್ಳಿಸಿ ಅಂಗೈ ನೋಡಿಕೊಂಡ್ರು. ಆಮ್ಯಾಲ ನಕ್ಕರು, ಅಷ್ಟು ದೊಡ್ಡ ನಗು ನಾ ಅವರ ಬಾಯಾಗ ಕೇಳಿರಲಿಲ್ಲ. "ಏ, ಕೇಳಿದ್ಯಾ? ನನ್ನ ಕೈ ಅಲ್ಲಂತ! ನನ್ನ ಕೈ ಛಲೋ ಐತಂತ!" ಅಂತ ಒಳಗ ಕೂಗಿದ್ರು. ಕಣ್ಣಾಗ ನೀರು ಬಂದಿತ್ತು. ಬೈತಾರ, ಹೊರಗ ಹಾಕತಾರ ಅಂತ ಬಂದಾಕಿ ನಾನು. ಅವರಿಗೆ ನನ್ನ ಮ್ಯಾಲ ಸಿಟ್ಟು ಮಾಡಾಕ ಪುರಸೊತ್ತ ಇರಲಿಲ್ಲ. ಕಾಕು ಬಾಗಲದಾಗ ನಿಂತು ನನ್ನ ಒಂದು ಸಲ ಪೂರ್ತಿ ನೋಡಿದ್ಲು, ಸೆರಗಿಲೆ ಮುಖ ಒರಸಿಕೊಂಡು ಒಳಗ ಹೋದ್ಲು. ಚಹಾ ಬರಲಿಲ್ಲ.

ಅವರ ಡಾಲರ್ ಮೇಜಿನ ಮ್ಯಾಲ ಇಟ್ಟೆ. ತಗೊಂಡು ಅಂಗಿ ಕಿಸೆದಾಗ ಹಾಕಿಕೊಂಡ್ರು. ಸ್ಟೂಲ್ ಹಾಕಿ ತಾವ ಹತ್ತಿ ಅಟ್ಟದಿಂದ ಭೂತಗನ್ನಡಿ ಇಳಿಸಿದ್ರು, ಕನ್ನಡಕದ ಬಟ್ಟಿಲೆ ಒರಸಿದ್ರು. ನನಗ ಜೀವ ಬಂದಂಗ ಆತು. ಇನ್ನು ಎಲ್ಲಾ ಸರಿ ಹೋತು ಅಂದುಕೊಂಡು ನನ್ನ ಡಾಲರ್ ಬಿಚ್ಚಿ ಮುಂದ ಹಿಡದೆ. "ಕಾಕಾ, ಚಿತ್ರ ಅರ್ಧಕ್ಕ ನಿಂತೈತಲ್ರಿ. ಮುಗಸ್ರಿ."

ಅವರ ಕೈ ಅರ್ಧ ದಾರಿತನಾ ಬಂತು. ಅಲ್ಲೇ ನಿಂತಿತು. ಆಮ್ಯಾಲ ಎರಡೂ ಕೈ ಹಿಂದಕ್ಕ ತಗೊಂಡು ತೊಡಿ ಮ್ಯಾಲ ಇಟಗೊಂಡ್ರು.

"ನೀವ ಹಿಡಕೋರಿ" ಅಂದ್ರು. "ನಾ ಇಲ್ಲಿಂದ ನೋಡತೀನಿ."

ಆಮ್ಯಾಲ ಎರಡು ವರ್ಷ ಕಲಿಸಿದ್ರು. ಅಚ್ಚಿನ ಸೀಳು, ವಾಲಿದ ಅಕ್ಷರ, ಒತ್ತಿ ಅಳಿಸಿದ ಗರಿ, ಗೊತ್ತಿದ್ದದ್ದನ್ನೆಲ್ಲಾ ಹೇಳಿಕೊಟ್ರು. ನಾ ದೀಪದ ಕೆಳಗ ಹಿಡೀತಿದ್ದೆ, ಅವರು ಬಗ್ಗಿ ನೋಡತಿದ್ರು. ಒಂದು ದಿನನೂ ಆ ಮಾತು ಎತ್ತಲಿಲ್ಲ, ಒಂದು ದಿನನೂ ಬೈಲಿಲ್ಲ. ಆದ್ರ ನನ್ನ ನಾಣ್ಯ ಒಂದನ್ನೂ ಮತ್ತ ಕೈಯಾಗ ತಗೊಳ್ಳಲಿಲ್ಲ.